ಚಳಿಗಾಲದ ಮೂರು ತಿಂಗಳು: ದುಡ್ಡು ಬರುವ ದಾರಿ, ಹೋಗುವ ದಾರಿ



ಈ ತಿಂಗಳ ಪಾಠಕ್ಕೆ ಪುಸ್ತಕ ಬೇಡ. ಗೋಡೆಯ ಕ್ಯಾಲೆಂಡರ್, ಸಂಘದ ಲೆಡ್ಜರ್, ಮತ್ತೆ ನಿಮ್ಮ ನೆನಪು ಇದ್ದರೆ ಸಾಕು. ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಕುಂದಾಪುರದಂತಹ ಕಡಲ ಬದಿಯ ಪೇಟೆಯಲ್ಲಿ ಏನೇನು ನಡೆಯುತ್ತದೆ, ಅದರ ನಡುವೆ ನಮ್ಮ ಮನೆಯ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಟ್ಟಿಗೆ ಕುಳಿತು ನೋಡುವ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣ ಇದೆ. ಸಂಘಗಳ ಲೆಕ್ಕಪತ್ರ ನೋಡಲು ಕುಳಿತಾಗಲೆಲ್ಲ ನಮ್ಮ ಕಣ್ಣಿಗೆ ಬೀಳುವ ಒಂದು ಸಂಗತಿ ಉಂಟು. ಸಾಲದ ಅರ್ಜಿ ಹೆಚ್ಚು ಬರುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಕಂತು ತಪ್ಪುವುದು ಜೂನ್ ಮತ್ತು ಜುಲೈಯಲ್ಲಿ. ನಡುವಿನ ತಿಂಗಳುಗಳಲ್ಲಿ ಎಲ್ಲರ ಕೈಯಲ್ಲೂ ಒಂದಷ್ಟು ಹಣ ಓಡಾಡುತ್ತದೆ. ಆದರೆ ಮಳೆ ಬಿದ್ದು ದೋಣಿ ದಡ ಹತ್ತಿದ ಕೂಡಲೇ ಕುತ್ತಿಗೆಯ ಸರ ಅಡವಿಗೆ ಹೋಗುತ್ತದೆ. ಮೊನ್ನೆ ಒಂದು ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಹೇಳಿದರು: "ಸಿಸ್ಟರೇ, ದುಡ್ಡ್ ಬತ್ತ್, ಹೋತ್ತ್. ಎಲ್ಲಿಗ್ ಹೋತ್ತ್ ಅಂದೇಳಿ ಗೊತ್ತಾತಿಲ್ಲೆ." ಎಲ್ಲರೂ ನಕ್ಕರು. ಆದರೆ ಅಲ್ಲಿದ್ದ ಹೆಚ್ಚಿನವರ ಮನೆಯ ಕಥೆ ಅದೇ.

ನಮ್ಮ ಚಳಿಗಾಲ ಎಂದರೆ

ಘಟ್ಟದ ಮೇಲಿನವರಿಗೆ ಹೇಳಿದರೆ ನಗುತ್ತಾರೆ, ನಮ್ಮದು ಎಂಥ ಚಳಿ ಎಂದು. ಬೆಳಿಗ್ಗೆ ಒಂದಿಷ್ಟು ಮಂಜು, ಅಂಗಳದ ಹುಲ್ಲಿನ ಮೇಲೆ ಇಬ್ಬನಿ, ಹತ್ತು ಗಂಟೆಯಾದರೆ ಬಿಸಿಲು ಚುರುಕು. ಹೊದಿಕೆಗಿಂತ ಹೆಚ್ಚು ಬೇಕಾಗುವುದು ಮಕ್ಕಳ ಕೆಮ್ಮಿಗೆ ಕಷಾಯ. ಆದರೂ ವರ್ಷದಲ್ಲಿ ಇದು ನಮಗೆ ಅತ್ಯಂತ ಹಿತವಾದ ಕಾಲ. ಮಳೆ ಇಲ್ಲ, ಸೆಕೆ ಇನ್ನೂ ಏರಿಲ್ಲ, ಕಡಲು ಶಾಂತ. ಮೀನು, ಕೃಷಿ, ಕಟ್ಟಡದ ಕೆಲಸ, ಮದುವೆ, ಜಾತ್ರೆ, ಆಟ, ಎಲ್ಲವೂ ಈ ಒಣ ತಿಂಗಳುಗಳಲ್ಲೇ ತುಂಬಿಕೊಳ್ಳುವುದು ಅದಕ್ಕೇ.

ಒಮ್ಮೆ ನಿಮ್ಮೂರಿನ ಕ್ಯಾಲೆಂಡರ್ ನೆನಪಿಸಿಕೊಳ್ಳಿ. ಮಳೆಗಾಲ ಮುಗಿದು ನವೆಂಬರ್ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟ ಮೇ ತಿಂಗಳ ತನಕ ಊರೂರಲ್ಲಿ ನಡೆಯುತ್ತದೆ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ಕೊಡಿ ಹಬ್ಬ. ಕೆರೆಯ ಸುತ್ತ ಸುತ್ತಕ್ಕಿ ಸೇವೆ, ಹೊಸದಾಗಿ ಮದುವೆಯಾದ ಜೋಡಿಗಳ ಕೈಯಲ್ಲಿ ಕಬ್ಬಿನ ಕೊಡಿ. ಡಿಸೆಂಬರ್ 8ಕ್ಕೆ ನಿಷ್ಕಳಂಕ ಮಾತೆಯ ಹಬ್ಬ. ಗಂಗೊಳ್ಳಿಯ ಕೊಸೆಸಾಂವ್ ಮಾತೆಯ ಇಗರ್ಜಿಗೆ ಹೆಸರು ಬಂದದ್ದೇ ಆ ಭಕ್ತಿಯಿಂದ. ಕಂಬಳದ ಗದ್ದೆಗಳಲ್ಲಿ ಕೋಣಗಳ ಓಟ. ನಂತರ ಕ್ರಿಸ್ಮಸ್: ಗೋದಲಿ, ನಕ್ಷತ್ರ, ಕುಸ್ವಾರ್, ರಾತ್ರಿಯ ಬಲಿಪೂಜೆ. ಜನವರಿ 14ರ ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯ ಜಾತ್ರೆ. ಜನವರಿ ಕೊನೆಗೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ವಾರ್ಷಿಕ ಹಬ್ಬ. 2016ರಲ್ಲಿ ಬಸಿಲಿಕ ಎಂದು ಘೋಷಿತವಾದ ಆ ಪುಣ್ಯಕ್ಷೇತ್ರಕ್ಕೆ ಮೋಂಬತ್ತಿ ಹರಕೆ ಹೊತ್ತು ಎಲ್ಲ ಧರ್ಮದವರೂ ಹೋಗುತ್ತಾರೆ.

ಮದುವೆಗಳ ಲೆಕ್ಕ ಬೇರೆಯೇ. ಕ್ರೈಸ್ತರಲ್ಲಿ ಆಗಮನ ಕಾಲದಲ್ಲಿ, ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ಹಾಗಾಗಿ ಕ್ರಿಸ್ಮಸ್ ಕಳೆದ ಮರುದಿನದಿಂದ ಬೂದಿ ಬುಧವಾರದ ಒಳಗೆ ಎಲ್ಲ ಮದುವೆಗಳು ನೂಕುನುಗ್ಗಲು. ಗಲ್ಫಿನಿಂದ, ಮುಂಬೈಯಿಂದ ಊರಿಗೆ ಬಂದವರ ರಜೆಯೂ ಆಗಲೇ. ಹಿಂದೂ ಕುಟುಂಬಗಳಲ್ಲಿ ಧನುರ್ಮಾಸ ಬಿಟ್ಟು, ಸಂಕ್ರಾಂತಿ ದಾಟಿದ ಮೇಲೆ ಮುಹೂರ್ತ. ಮುಸ್ಲಿಂ ಸಹೋದರಿಯರ ಮನೆಗಳಲ್ಲೂ ವಿದೇಶದಿಂದ ಬಂದವರ ರಜೆ ನೋಡಿಯೇ ನಿಕಾಹ್. ಅಂದರೆ ಜನವರಿ ಮತ್ತು ಫೆಬ್ರವರಿಯಲ್ಲಿ ಒಂದು ಮನೆಗೆ ವಾರಕ್ಕೆ ಎರಡು ಕರೆಯೋಲೆ ಬರುವುದು ಅತಿಶಯವಲ್ಲ. ಒಂದೊಂದಕ್ಕೂ ಉಡುಗೊರೆಯ ಲಕೋಟೆ, ಬಸ್ಸಿನ ಖರ್ಚು, ಒಳ್ಳೆಯ ಸೀರೆ, ಮಕ್ಕಳಿಗೆ ಚಪ್ಪಲಿ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿದ್ದರೂ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು ಎಂಬುದು ನಿಮಗೇ ಗೊತ್ತು.

ಹಬ್ಬ ಬೇಡ, ಜಾತ್ರೆ ಬೇಡ ಎಂದು ನಾವು ಹೇಳುವುದಿಲ್ಲ. ವರ್ಷವಿಡೀ ದುಡಿದ ಹೆಣ್ಣುಮಕ್ಕಳಿಗೆ ನಾಲ್ಕು ಜನರ ಜೊತೆ ನಗುವ ದಿನಗಳು ಇವು. ಕುಸ್ವಾರ್ ತಟ್ಟೆ ನೆರೆಮನೆಗೆ ಹೋಗುತ್ತದೆ, ದೀಪಾವಳಿಗೆ ಅಲ್ಲಿಂದ ಸಿಹಿ ಬಂದಿರುತ್ತದೆ, ಈದಿಗೆ ಮತ್ತೊಂದು ಮನೆಯಿಂದ ಬಿರಿಯಾನಿ. ಊರು ಊರಾಗಿ ಉಳಿದಿರುವುದು ಈ ತಟ್ಟೆಗಳ ಓಡಾಟದಿಂದ. ನಮ್ಮ ಪ್ರಶ್ನೆ ಇಷ್ಟೇ: ತಟ್ಟೆ ತುಂಬಿಸಲು ಸಾಲ ಬೇಕಾಗುವುದು ಯಾವಾಗಿನಿಂದ ಶುರುವಾಯಿತು?

ರೋಸ್ ಶಾಸ್ತ್ರವನ್ನೇ ನೋಡಿ. ಹಿಂದೆ ಮನೆಯಂಗಳದಲ್ಲಿ ಚಪ್ಪರ, ತೆಂಗಿನ ಹಾಲು, ನೆರೆಕರೆಯವರ ವೋವಿಯೊ ಹಾಡು. ಈಗ ರೋಸಿಗೂ ಹಾಲ್, ಡಿ.ಜೆ., ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ, ಮೇಲೆ ಕುಡಿತದ ಖರ್ಚು. ಮೆಹಂದಿ ಕಾರ್ಯಕ್ರಮಗಳೂ ಅದೇ ದಾರಿ ಹಿಡಿದಿವೆ. ಜಾತ್ರೆಯ ಬದಿಯಲ್ಲಿ ಗುಟ್ಟಾಗಿ ನಡೆಯುವ ಕೋಳಿ ಅಂಕ, ಜುಗಾರಿಯಲ್ಲಿ ಹೋದ ಹಣದ ಲೆಕ್ಕ ಯಾವ ಹೆಂಡತಿಗೂ ಸಿಗುವುದಿಲ್ಲ. ಇದನ್ನು ಸಂಘದಲ್ಲಿ ಬಾಯಿಬಿಟ್ಟು ಮಾತನಾಡಬೇಕು. ಒಬ್ಬಳೇ ಮನೆಯಲ್ಲಿ ಹೇಳಿದರೆ ಜಗಳ ಎನಿಸಿಕೊಳ್ಳುತ್ತದೆ. ಹದಿನೈದು ಮಂದಿ ಸೇರಿ ನಿರ್ಣಯ ಪುಸ್ತಕದಲ್ಲಿ ಬರೆದರೆ ಊರಿನವರೂ ಕೇಳುತ್ತಾರೆ.

ಈ ಕಾಲದ ದುಡಿಮೆ

ಖರ್ಚಿನಂತೆ ದುಡಿಮೆಯೂ ಇದೇ ಮೂರು ತಿಂಗಳಲ್ಲಿ ಇದೆ. ಹೆಮ್ಮಾಡಿ ಸೇವಂತಿಗೆಯ ಉದಾಹರಣೆ ನಿಮ್ಮ ಹತ್ತಿರದ್ದೇ. ಹೆಮ್ಮಾಡಿ, ಕಟ್‌ಬೆಲ್ತೂರು ಸುತ್ತಿನ ಗದ್ದೆಗಳ ಆ ಪರಿಮಳದ ಹಳದಿ ಹೂವು ಮಾರಣಕಟ್ಟೆಯ ಜಾತ್ರೆಯ ಹೊತ್ತಿಗೆ ಅರಳಬೇಕು. ಬ್ರಹ್ಮಲಿಂಗೇಶ್ವರನಿಗೆ ಒಪ್ಪಿಸಲು ಭಕ್ತರು ಹುಡುಕುವುದು ಅದನ್ನೇ. ಮಳೆಗಾಲದಿಂದ ಸಾಕಿದ ಗಿಡ ಕೆಲವೇ ದಿನಗಳಲ್ಲಿ ಬೆಲೆ ತರಬೇಕು. ಡಿಸೆಂಬರಿನಲ್ಲಿ ಅಕಾಲ ಮಳೆ ಬಂದರೆ, ಮೋಡ ಮುಸುಕಿದರೆ, ಹೂ ಮುಂಚೆ ಅರಳಿದರೆ ಅಥವಾ ತಡವಾದರೆ ಬೆಳೆದವರ ಲೆಕ್ಕ ತಲೆಕೆಳಗಾಗುತ್ತದೆ. ಹೂ ಕೀಳುವ, ಮಾಲೆ ಕಟ್ಟುವ ಕೆಲಸದಲ್ಲಿ ಕೂತವರು ಹೆಂಗಸರು. ಉಡುಪಿ ಮಲ್ಲಿಗೆ ಬೆಳೆಯುವ ಶಂಕರಪುರದ ಕಡೆ ಸಂಬಂಧಿಕರಿದ್ದರೆ ಕೇಳಿ ನೋಡಿ: ಚಳಿಗೆ ಹೂ ಕಡಿಮೆ, ಮದುವೆಗೆ ಬೇಡಿಕೆ ಜಾಸ್ತಿ, ಅಟ್ಟೆಯ ದರ ಏರುತ್ತದೆ. ಬೆಳೆದವರಿಗೆ ಸಂತೋಷ, ಮದುವೆ ಮನೆಯವರಿಗೆ ಸಂಕಟ.

ಗದ್ದೆ ಇದ್ದವರು ಕಾರ್ತಿ ಬೆಳೆ ಕೊಯ್ದ ಮೇಲೆ ಉದ್ದು, ನೆಲಗಡಲೆ ಹಾಕುತ್ತಾರೆ. ಗದ್ದೆ ಇಲ್ಲದವರಿಗೆ ಅಲ್ಲಿ ಕೂಲಿ ಉಂಟು. ಶನಿವಾರದ ಕುಂದಾಪುರ ಸಂತೆಯಲ್ಲಿ ಹರಿವೆ, ಬಸಳೆ, ಅಲಸಂದೆ ತಂದು ಕೂರುವವರಿಗೂ ಇದು ಒಳ್ಳೆಯ ಕಾಲ.

ಕುಸ್ವಾರ್ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. ಈಗ ಮನೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಮಾಡುವ ವ್ಯವಧಾನ ಎಷ್ಟೋ ಮನೆಗಳಲ್ಲಿ ಇಲ್ಲ. ಕೊಂಡುಕೊಳ್ಳುತ್ತಾರೆ. ನಮ್ಮ ಸಂಘಗಳು ಮಾಡಿಕೊಡುತ್ತವೆ. ಆದರೆ ಬೆಲೆ ಹಾಕುವಾಗ ಅಕ್ಕಿ, ಎಣ್ಣೆ, ಸಕ್ಕರೆ, ಗ್ಯಾಸಿನ ದುಡ್ಡು ಕೂಡಿಸಿ ಮೇಲೆ ಒಂದಿಷ್ಟು ಇಟ್ಟು "ಲಾಭ ಆಯ್ತು" ಎನ್ನುತ್ತಾರೆ. ನಾಲ್ಕು ಮಂದಿ ಎರಡು ದಿನ ಕುಳಿತು 10 ಕಿಲೋ ಮಾಡಿದರು ಎಂದುಕೊಳ್ಳಿ. ಅದು ಎಂಟು ಆಳಿನ ಕೆಲಸ. ಒಂದು ಆಳಿಗೆ 400 ರೂಪಾಯಿ ಹಾಕಿದರೂ 3,200 ರೂಪಾಯಿ. ಕಿಲೋಗೆ 320 ರೂಪಾಯಿ ಕೂಲಿಯೇ ಆಯಿತು. ಸಾಮಾನಿನ ಖರ್ಚಿನ ಮೇಲೆ ಕಿಲೋಗೆ 60 ರೂಪಾಯಿ ಮಾತ್ರ ಇಟ್ಟು ಮಾರಿದರೆ, ಎರಡು ದಿನ ಒಲೆಯ ಮುಂದೆ ಬೆಂದದ್ದಕ್ಕೆ ಒಬ್ಬೊಬ್ಬರಿಗೆ ಸಿಗುವುದು 150 ರೂಪಾಯಿ. ದಿನಕ್ಕೆ 75! ಹೊರಗೆ ಇಷ್ಟಕ್ಕೆ ಯಾರಾದರೂ ಕೆಲಸಕ್ಕೆ ಹೋಗುತ್ತಾರೆಯೇ? ಬೆಲೆ ಹೇಳಲು ನಾಚಿಕೆ ಬೇಡ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ, ಪೊಟ್ಟಣದ ಮೇಲೆ ಸಂಘದ ಹೆಸರು, ಮಾಡಿದ ದಿನಾಂಕ ಬರೆಯಿರಿ. ಹೇಳಿದ ಬೆಲೆಗೆ ಆಗ ಬಲ ಬರುತ್ತದೆ.

ಒಣಮೀನು: ಬಿಸಿಲಿನಲ್ಲಿ ಇಟ್ಟ ಉಳಿತಾಯ

ನಮಗೆ ಕೇಳಿದರೆ, ಕರಾವಳಿಯ ಹೆಂಗಸರಿಗೆ ಚಳಿಗಾಲ ಕೊಟ್ಟ ಅತಿ ದೊಡ್ಡ ಉಪಕಾರ ಒಣಮೀನು. ಹಸಿ ಮೀನು ಸಂಜೆಯೊಳಗೆ ಮಾರದಿದ್ದರೆ ನಷ್ಟ. ಒಣಮೀನು ಹಾಗಲ್ಲ. ಬಂಗುಡೆ, ಬೂತಾಯಿ, ನಂಗ್, ಚಟ್ಲಿ ಬಂದರಿನಲ್ಲಿ ರಾಶಿ ಬಿದ್ದು ದರ ಇಳಿದ ದಿನ ಕೊಂಡು ಒಣಗಿಸಿದರೆ ಜೂನ್‌ನಲ್ಲಿ ಅದಕ್ಕೆ ಬೇರೆಯೇ ಬೆಲೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಒರಟು. ಆ ದಿನಗಳಲ್ಲಿ ಗಂಜಿಗೆ ನೆಂಚಿಕೊಳ್ಳಲು ಒಣಮೀನೇ ಗತಿ.

ಆದರೆ ಒಣಗಿಸುವುದರಲ್ಲಿ ಶಿಸ್ತು ಬೇಕು. ಮರಳಿನ ಮೇಲೆ ಹರಡಿದ ಮೀನಿಗೆ ಮರಳು, ನಾಯಿ, ಕಾಗೆ, ನೊಣ. ಸೊಂಟದೆತ್ತರದ ಬಿದಿರಿನ ಅಟ್ಟ ಕಟ್ಟಿ ಹಳೆಯ ಬಲೆ ಹಾಸಿದರೆ ಮೇಲಿನಿಂದಲೂ ಕೆಳಗಿನಿಂದಲೂ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ದೊಡ್ಡ ಮೀನಾದರೆ ಹೊಟ್ಟೆ ಸೀಳಿ, ಕರುಳು ತೆಗೆದು, ಒಳ್ಳೆಯ ನೀರಿನಲ್ಲಿ ತೊಳೆದೇ ಉಪ್ಪು ಹಾಕಬೇಕು. ಹಳಸಿದ ಮೀನಿಗೆ ಉಪ್ಪು ಹಾಕಿದರೆ ಅದು ಒಳ್ಳೆಯದಾಗುವುದಿಲ್ಲ. ಚಳಿಗಾಲದಲ್ಲಿ ಇನ್ನೊಂದು ಎಚ್ಚರ: ರಾತ್ರಿಯ ಮಂಜು. ಹಗಲಿಡೀ ಒಣಗಿದ್ದು ಇಬ್ಬನಿಗೆ ತೇವ ಹಿಡಿದರೆ ಬೂಸಲು ಬರುತ್ತದೆ. ಸೂರ್ಯ ಮುಳುಗುವ ಮುಂಚೆ ಬಾಚಿ ಒಳಗಿಡಿ, ಬೆಳಿಗ್ಗೆ ಮಂಜು ಆರಿದ ಮೇಲೆ ಮತ್ತೆ ಹರಡಿ. ಕೀಟ ಬಾರದಂತೆ ಯಾವುದೇ ಔಷಧಿ ಪುಡಿ ಉದುರಿಸಬೇಡಿ, ತಿನ್ನುವುದು ನಮ್ಮ ಮಕ್ಕಳು. ಸುಮಾರು ಮೂರು ಕಿಲೋ ಹಸಿ ಮೀನು ಒಣಗಿ ಒಂದು ಕಿಲೋ ಆಗುತ್ತದೆ ಎಂದು ಇಟ್ಟುಕೊಂಡು ನಿಮ್ಮ ಬಂದರಿನ ದರದಲ್ಲಿ ನೀವೇ ಲೆಕ್ಕ ಹಾಕಿ ನೋಡಿ. ಸಂಘದಿಂದ ಡಿಸೆಂಬರಿನಲ್ಲಿ ಸಾಲ ತೆಗೆಯುವುದಾದರೆ ಇಂಥದ್ದಕ್ಕೆ ತೆಗೆಯಿರಿ ಎಂದು ಹೇಳಲು ನಮಗೆ ಸಂಕೋಚ ಇಲ್ಲ.

ಕಂತು ಕಡಲನ್ನು ನೋಡಿ ಇರಲಿ

ಈಗ ಸಾಲದ ಮಾತು. ಒಬ್ಬ ಸಹೋದರಿಯ ಕಥೆ ಹೇಳುತ್ತೇವೆ, ಹೆಸರು ಬೇಡ. ಗಂಡ ಬೋಟಿಗೆ ಹೋಗುವವರು. ಡಿಸೆಂಬರಿನಲ್ಲಿ ಸಂಘದಿಂದ 20,000 ರೂಪಾಯಿ ತೆಗೆದರು. ಮನೆಗೆ ಸುಣ್ಣ ಬಣ್ಣ, ತಮ್ಮನ ಮದುವೆಗೆ ಉಡುಗೊರೆ. ತಿಂಗಳಿಗೆ 2,000 ಅಸಲು, ನೂರಕ್ಕೆ 1 ರೂಪಾಯಿ ಬಡ್ಡಿ, ಹತ್ತು ಕಂತು. ಜನವರಿಯಿಂದ ಮೇ ತನಕ ಐದು ಕಂತು ಸರಿಯಾಗಿ ಬಂತು. ಜೂನ್‌ಗೆ ಬೋಟು ದಡಕ್ಕೆ. ಅಸಲು ಇನ್ನೂ 10,000 ಬಾಕಿ. ಸಂಘದಲ್ಲಿ ಮರ್ಯಾದೆ ಹೋಗುತ್ತದೆ ಎಂದು ಹೆದರಿ, ಒಂದು ಕಂಪೆನಿಯಿಂದ ವಾರದ ಸಾಲ ತೆಗೆದರು. ವಾರದ ಸಾಲದ ಕಂತು ಕಟ್ಟಲು ಸರ ಅಡವಿಟ್ಟರು. ಸರ ಬಿಡಿಸಿಕೊಳ್ಳಲು ಮುಂದಿನ ಡಿಸೆಂಬರಿನಲ್ಲಿ ಮತ್ತೆ ಸಂಘದ ಮುಂದೆ ಅರ್ಜಿ.

ಆ ಸಹೋದರಿ ಸೋಮಾರಿಯಲ್ಲ, ಸುಳ್ಳು ಹೇಳಿದವರೂ ಅಲ್ಲ. ಐದು ತಿಂಗಳು ಸರಿಯಾಗಿ ಕಟ್ಟಿದ್ದಾರೆ. ಎಡವಟ್ಟು ಇದ್ದದ್ದು ಕಂತಿನಲ್ಲಿ. ಹನ್ನೆರಡು ತಿಂಗಳೂ ಒಂದೇ ಸಂಬಳ ಬರುವವರಿಗೆ ಹೊಂದುವ ಕಂತನ್ನು ಕಡಲಿನ ಮೇಲೆ ಬದುಕುವವರಿಗೆ ಹಾಕಿದರೆ ಹೀಗಾಗುತ್ತದೆ.

ಅದೇ 20,000ಕ್ಕೆ ಸಂಘ ಹೀಗೆ ಬರೆಯಬಹುದಿತ್ತು: ಜನವರಿಯಿಂದ ಮೇ ತನಕ ತಿಂಗಳಿಗೆ 3,000 ಅಸಲು, ಒಟ್ಟು 15,000. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಬಡ್ಡಿ ಮಾತ್ರ. ಉಳಿದ 5,000ಕ್ಕೆ ತಿಂಗಳಿಗೆ 50 ರೂಪಾಯಿ. ಬೋಟು ಮತ್ತೆ ಇಳಿದು ಸಂಪಾದನೆ ಶುರುವಾದ ಮೇಲೆ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ 2,500ರಂತೆ ಎರಡು ಕಂತು. ಸಾಲ ತೀರುವುದು ಅದೇ ಅಕ್ಟೋಬರಿಗೆ. ಒಳಸಾಲದ ಕಂತು ನಿರ್ಧರಿಸುವುದು ಸಂಘವೇ ತಾನೇ? ಸಾಲ ಕೊಡುವ ದಿನವೇ ಹೀಗೆ ನಿರ್ಣಯ ಮಾಡಿ ಪುಸ್ತಕದಲ್ಲಿ ಬರೆದರೆ ಜೂನ್‌ನಲ್ಲಿ ಯಾರೂ ಮುಖ ಮರೆಸಿಕೊಳ್ಳಬೇಕಾಗಿಲ್ಲ. ಮಲ್ಲಿಗೆಯವರಿಗೆ, ಕಟ್ಟಡ ಕೆಲಸದವರಿಗೆ, ಬೀಡಿ ಕಟ್ಟುವವರಿಗೆ ಕಂತು ಬೇರೆ ಬೇರೆ ಇರಬಹುದು. ಎಲ್ಲರಿಗೂ ಒಂದೇ ಅಳತೆ ಎಂಬುದು ನ್ಯಾಯದ ಹಾಗೆ ಕಾಣುತ್ತದೆ, ನ್ಯಾಯವಲ್ಲ.

ಡಿಸೆಂಬರಿನಲ್ಲಿ ಮನೆಬಾಗಿಲಿಗೆ ಬರುವ ವಾರದ ಸಾಲದವರ ಬಗ್ಗೆಯೂ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷದೊಳಗೆ ಆದಾಯದ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಎಂದು ಹೇಳಿತು. ಬಾಗಿಲಲ್ಲಿ ನಿಂತು ಬೈಯ್ದರೆ ಸಹಿಸಿಕೊಂಡು ಕೂರಬೇಡಿ, ಸಂಘದವರನ್ನು ಕರೆಯಿರಿ, ಠಾಣೆಗೆ ಒಟ್ಟಿಗೆ ಹೋಗಿ. ಇನ್ನೊಬ್ಬರ ಸಾಲಕ್ಕೆ ನಿಮ್ಮ ಆಧಾರ್ ಕಾರ್ಡ್ ಕೊಡುವ ಉಪಕಾರ ಮಾತ್ರ ಮಾಡಬೇಡಿ, ಅವರು ಸ್ವಂತ ಅಕ್ಕ ತಂಗಿಯಾಗಿದ್ದರೂ.

ಮಳೆಗಾಲದ ಡಬ್ಬಿ

ಪವಿತ್ರ ಗ್ರಂಥದಲ್ಲಿ ಜೋಸೆಫನ ಕಥೆ ಕ್ರೈಸ್ತ ಸಹೋದರಿಯರಿಗೆ ಗೊತ್ತು. ಮುಸ್ಲಿಂ ಸಹೋದರಿಯರು ಅವನನ್ನು ಯೂಸುಫ್ ಎಂದು ಕರೆಯುತ್ತಾರೆ. ಏಳು ವರ್ಷ ಸಮೃದ್ಧಿ, ಏಳು ವರ್ಷ ಬರ. ಸಮೃದ್ಧಿಯಲ್ಲಿ ಕೂಡಿಟ್ಟ ಧಾನ್ಯ ಬರದಲ್ಲಿ ಊರನ್ನು ಉಳಿಸಿತು. ನಮ್ಮ ಊರಿನಲ್ಲಿ ಆ ಹದಿನಾಲ್ಕು ವರ್ಷ ಪ್ರತಿ ವರ್ಷವೂ ಬರುತ್ತದೆ, ಸಣ್ಣ ರೂಪದಲ್ಲಿ.

ಕೆಲವು ಸಂಘಗಳು ವಾರದ ಉಳಿತಾಯದ ಜೊತೆ ಇನ್ನೊಂದು ಡಬ್ಬಿ ಇಟ್ಟಿವೆ. ಡಿಸೆಂಬರ್ ಮೊದಲ ವಾರದಿಂದ ಮೇ ಕೊನೆಯ ತನಕ 26 ವಾರ. ವಾರಕ್ಕೆ 100 ರೂಪಾಯಿ ಹಾಕಿದರೆ ಒಬ್ಬರಿಗೆ 2,600. ಹದಿನೈದು ಸದಸ್ಯೆಯರ ಸಂಘಕ್ಕೆ 39,000. ಇದನ್ನು ಒಳಸಾಲಕ್ಕೆ ಮುಟ್ಟುವುದಿಲ್ಲ, ಬ್ಯಾಂಕಿನಲ್ಲಿ ಬೇರೆ ಖಾತೆ. ಜೂನ್ ಮೊದಲ ಸಭೆಯಲ್ಲಿ ಅವರವರ ಹಣ ಅವರವರ ಕೈಗೆ. ಶಾಲೆಯ ಫೀಸು, ಕೊಡೆ, ಪುಸ್ತಕ, ಸೋರುವ ಮಾಡಿಗೆ ಹಂಚು, ಎಲ್ಲ ಖರ್ಚು ಬರುವುದು ಅದೇ ತಿಂಗಳು. 100 ಆಗದವರು 50 ಹಾಕಲಿ. ಎಲ್ಲಿಂದ ತರುವುದು ಎಂದು ಕೇಳಿದರೆ, ಮನೆಯಲ್ಲಿ ಎಲ್ಲರ ಒಪ್ಪಿಗೆಯಿಂದ ಒಂದು ಹಬ್ಬದ ಒಂದು ಖರ್ಚನ್ನು ಮಾತ್ರ ಕಡಿಮೆ ಮಾಡಿ ನೋಡಿ.

ಮೀನುಗಾರ ಕುಟುಂಬಗಳಿಗೆ 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಒಂದು ಅವಕಾಶ ಇಡಲಾಗಿತ್ತು. ಮೀನುಗಾರರು ತಮ್ಮ ಪಾಲು 1,500 ರೂಪಾಯಿ ಕಟ್ಟಿದರೆ ಸರಕಾರದ 3,000 ಸೇರಿಸಿ ಮೀನುಗಾರಿಕೆ ಇಲ್ಲದ ಕಾಲಕ್ಕೆ ಒಟ್ಟು 4,500 ರೂಪಾಯಿ. ಈ ವರ್ಷಕ್ಕೆ ಅರ್ಜಿ ಹೇಗೆ, ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಮೀನುಗಾರಿಕಾ ಇಲಾಖೆಯ ಕಚೇರಿಯಲ್ಲೋ ನಿಮ್ಮ ಮೀನುಗಾರರ ಸಹಕಾರ ಸಂಘದಲ್ಲೋ ಈಗಲೇ ವಿಚಾರಿಸಿ. ಜೂನ್‌ನಲ್ಲಿ ಹೋದರೆ ತಡವಾಗುತ್ತದೆ.

ಸಭೆ ತಪ್ಪಿಸಬೇಡಿ

ಒಂದು ಸಣ್ಣ ದೂರು. ಡಿಸೆಂಬರ್ ಮೂರನೇ ವಾರದಿಂದ ಸಂಕ್ರಾಂತಿ ತನಕ ಹಲವು ಸಂಘಗಳ ಹಾಜರಿ ಪುಸ್ತಕ ಖಾಲಿ. "ಕೆಲಸ ಸಿಸ್ಟರ್, ಪುರುಸೊತ್ತಿಲ್ಲ" ಎನ್ನುತ್ತೀರಿ. ಗೊತ್ತು. ಆದರೆ ವರ್ಷದಲ್ಲಿ ಅತಿ ಹೆಚ್ಚು ಹಣ ಕೈಯಲ್ಲಿ ಓಡಾಡುವ ನಾಲ್ಕೈದು ವಾರಗಳಲ್ಲೇ ಲೆಕ್ಕ ಬರೆಯುವವರು ಇಲ್ಲ ಎಂದಾಯಿತು. ಅರ್ಧ ಗಂಟೆ ಕುಳಿತರೂ ಸಾಕು. ಸಂಜೆ ಬೇಗ ಕತ್ತಲಾಗುವುದರಿಂದ ಸಮಯವನ್ನು ನಾಲ್ಕು ಗಂಟೆಗೆ ಇಟ್ಟುಕೊಳ್ಳಿ. ಚಾ ಜೊತೆ ಕುಸ್ವಾರ್ ಇದ್ದರೆ ಪ್ರೇರಕಿಯವರೂ ತಪ್ಪದೆ ಬರುತ್ತಾರೆ, ನಾವೂ ಬರುತ್ತೇವೆ.

ಸಭೆಯಲ್ಲಿ ಚರ್ಚಿಸಲು:

ಕಳೆದ ಡಿಸೆಂಬರಿನಿಂದ ಫೆಬ್ರವರಿ ತನಕ ನಮ್ಮ ಸಂಘದಿಂದ ಎಷ್ಟು ಸಾಲ ಹೋಗಿದೆ? ಅದರಲ್ಲಿ ದುಡಿಮೆಗೆ ಎಷ್ಟು, ಹಬ್ಬ ಮದುವೆಗೆ ಎಷ್ಟು? ಲೆಡ್ಜರ್ ನೋಡಿಯೇ ಹೇಳಿ, ನೆನಪಿನಿಂದ ಬೇಡ.

ಕಳೆದ ಜೂನ್, ಜುಲೈಯಲ್ಲಿ ಬಂಗಾರ ಅಡವಿಟ್ಟವರು ಎಷ್ಟು ಮಂದಿ? (ಕೈ ಎತ್ತಿಸುವುದು ಬೇಡ. ಚೀಟಿಯಲ್ಲಿ ಹೌದು ಅಥವಾ ಇಲ್ಲ ಎಂದು ಬರೆದು ಡಬ್ಬಿಗೆ ಹಾಕಿ.)

ನಮ್ಮ ಸಂಘದಲ್ಲಿ ಯಾರ ಮನೆಗೆ ಯಾವ ತಿಂಗಳಲ್ಲಿ ಹಣ ಬರುತ್ತದೆ? ಒಂದು ದೊಡ್ಡ ಕಾಗದದಲ್ಲಿ ಹನ್ನೆರಡು ಮನೆ ಗೆರೆ ಎಳೆದು ಪ್ರತಿಯೊಬ್ಬರೂ ಹುಣಸೆ ಬೀಜ ಇಡಿ: ಹೆಚ್ಚು ಬರುವ ತಿಂಗಳಿಗೆ ಹೆಚ್ಚು ಬೀಜ. ಅಕ್ಷರ ಬಾರದವರಿಗೂ ಇದು ಸುಲಭ.

ಈ ಕಾಗದವನ್ನು ಮಡಚಿ ಇಟ್ಟುಕೊಳ್ಳಿ. ಮುಂದಿನ ಒಕ್ಕೂಟದ ಸಭೆಗೆ ಪ್ರತಿನಿಧಿಗಳು ಅದನ್ನು ತರಬೇಕು. ಅದನ್ನು ಮುಂದಿಟ್ಟುಕೊಂಡೇ ಈ ವರ್ಷದ ಕಂತುಗಳನ್ನು ಬರೆಯುವ.